ಕಿರಣ್ ಜೆಟ್‌ನ ರೆಕ್ಕೆ ಸುಕ್ಕಾಗಿದೆ, ಮೈತುಂಬಾ ಫೈಬರ್ ಹಾಕಲೇ?

ಪ್ರಶ್ನೆ: ನಾನು ಮಂಡ್ಯದವನು. ಎಚ್‌ಎಎಲ್‌ನ ಕಿರಣ್ ವಿಮಾನದ 1:8 ಅಳತೆಯ ರೇಡಿಯೊ ಕಂಟ್ರೋಲ್ ಜೆಟ್ ಕಟ್ಟಿದ್ದೇನೆ. 90 ಮಿಮೀ ಎಲೆಕ್ಟ್ರಿಕ್ ಫ್ಯಾನ್, 6 ಸೆಲ್ ಬ್ಯಾಟರಿ. ರೆಕ್ಕೆಯ ಒಳಗೆ ಫೋಮ್, ಅದರ ಮೇಲೆ 1.5 ಮಿಮೀ ಬಾಲ್ಸಾ (ಬಹಳ ಹಗುರವಾದ ಮರ) ಹಾಳೆ, ನಡುವೆ 8 ಮಿಮೀ ಕಾರ್ಬನ್ ಕೊಳವೆ. ಮೈ ಬಾಲ್ಸಾ ಮತ್ತು ಪ್ಲೈವುಡ್‌ನದು. ಬ್ಯಾಟರಿ ಸೇರಿ ತೂಕ 2.8 ಕೆಜಿ. ಬಣ್ಣ ಹಚ್ಚುವ ಮೊದಲು ಎರಡು ಸಲ ಹಾರಿಸಿದೆ. ಎರಡನೇ ಸಲ ಇಳಿಯುವಾಗ ಎಡ ಚಕ್ರದ ಪ್ಲೇಟು ರೆಕ್ಕೆಯಿಂದ ಕಿತ್ತುಬಂತು. ಮನೆಗೆ ತಂದು ನೋಡಿದರೆ ರೆಕ್ಕೆಯ ಬುಡದಲ್ಲಿ ಮೇಲಿನ ಬಾಲ್ಸಾ ಸುಕ್ಕುಗಟ್ಟಿದೆ. ಪರಿಚಯದ ಟಿಂಕರಿಂಗ್ ಶಾಪಿನವರು 200 ಜಿಎಸ್‌ಎಂ ಫೈಬರ್ ಬಟ್ಟೆ ಎರಡು ಪದರ ಹಾಕಿ, ಕಾರಿಗೆ ಬಳಸುವ ಪಾಲಿಯೆಸ್ಟರ್ ರೆಸಿನ್ ಬಳಿದರೆ ಕಲ್ಲಿನ ಹಾಗೆ ಆಗುತ್ತದೆ ಎನ್ನುತ್ತಾರೆ. ಹಾಗೆ ಮಾಡಲೇ? ಕೊನೆಗೆ ವಾಯುಪಡೆಯ ಸೂರ್ಯಕಿರಣ ವೈಮಾನಿಕ ಪ್ರದರ್ಶನ ತಂಡದ ಕೆಂಪು ಬಿಳಿ ಬಣ್ಣ ಹೊಳೆಯುವ ಹಾಗೆ ಬರಬೇಕು ಅಂತ ಆಸೆ.

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ಆ ರೆಸಿನ್ ಡಬ್ಬ ತೆರೆಯುವ ಮೊದಲು ಇದನ್ನು ಪೂರ್ತಿ ಓದಿ.

ಮೊದಲು ಪಾಲಿಯೆಸ್ಟರ್ ರೆಸಿನ್ ವಿಷಯ. ಅದರಲ್ಲಿ ಸ್ಟೈರೀನ್ ಇರುತ್ತದೆ. ಸ್ಟೈರೀನ್ ತಗುಲಿದರೆ ಥರ್ಮಾಕೋಲ್ ಜಾತಿಯ ಫೋಮ್ ಕರಗಿಹೋಗುತ್ತದೆ. ಮೇಲೆ ಬಾಲ್ಸಾ ಇದೆಯಲ್ಲ ಅಂತ ಧೈರ್ಯ ಮಾಡಬೇಡಿ. ಬಾಲ್ಸಾದಲ್ಲಿ ರಂಧ್ರಗಳಿವೆ, ಹಾಳೆ ಸೇರುವ ಕಡೆ ಸಂದುಗಳಿವೆ. ಹೊರಗೆ ಚೆನ್ನಾಗಿ ಕಾಣುವ ರೆಕ್ಕೆಯ ಒಳಗೆ ಟೊಳ್ಳು ಹುಟ್ಟಿಕೊಳ್ಳುತ್ತದೆ. ನಿಮಗೆ ಬೇಕಾದ್ದು ಎಪಾಕ್ಸಿ, ಅಂದರೆ ರೆಸಿನ್ ಮತ್ತು ಅದನ್ನು ಗಟ್ಟಿ ಮಾಡುವ ಹಾರ್ಡ್‌ನರ್ ಎರಡನ್ನೂ ಬೆರೆಸಿ ಬಳಸುವ ಅಂಟು. ಅದು ಫೋಮನ್ನು ತಿನ್ನುವುದಿಲ್ಲ.

ಇನ್ನು ತೂಕ. ನಿಮ್ಮ ಕಿರಣ್‌ನ ಹೊರಮೈ ಒಟ್ಟು ಸುಮಾರು ಒಂದೂವರೆ ಚದರ ಮೀಟರ್ ಆಗುತ್ತದೆ. 200 ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಬಟ್ಟೆಗೆ 200 ಗ್ರಾಂ. ಎರಡು ಪದರಕ್ಕೆ 400. ಕೈಯಲ್ಲಿ ಬಳಿದರೆ ಬಟ್ಟೆಯಷ್ಟೇ ತೂಕದ ರೆಸಿನ್ ಕುಡಿಯುತ್ತದೆ. ಲೆಕ್ಕ ಹಾಕಿ: 1.2 ಕೆಜಿ. 2.8 ಕೆಜಿಯ ವಿಮಾನ 4 ಕೆಜಿ ಆಯಿತು. ಆಗ ಅದು ಗಾಳಿಯಲ್ಲಿ ನಿಲ್ಲಲು ಬೇಕಾದ ಕನಿಷ್ಠ ವೇಗ ಶೇಕಡ 20ರಷ್ಟು ಏರುತ್ತದೆ. ತೂಕವೂ ಜಾಸ್ತಿ, ವೇಗವೂ ಜಾಸ್ತಿ. ಎರಡೂ ಸೇರಿ ನೆಲಕ್ಕೆ ತಗುಲುವಾಗಿನ ಶಕ್ತಿ ಎರಡು ಪಟ್ಟಾಗುತ್ತದೆ. ಈಗ ಕಿತ್ತುಬಂದ ಅದೇ ಪ್ಲೇಟಿನ ಮೇಲೆ ಆ ಎರಡು ಪಟ್ಟು ಹೊಡೆತ. ಮೇಲಿನ ಸಿಪ್ಪೆ ಕಲ್ಲಾದರೆ ಪ್ಲೇಟಿಗೆ ಏನು ಬಂತು, ಅಲ್ವಾ?

ಇದಕ್ಕೆ ಊರಿನದೂ ಒಂದು ಪಾಲಿದೆ. ಮೈಸೂರು ಸಮುದ್ರ ಮಟ್ಟಕ್ಕಿಂತ ಸುಮಾರು 760 ಮೀಟರ್ ಮೇಲಿದೆ, ಮಂಡ್ಯ ಅದಕ್ಕಿಂತ ಸ್ವಲ್ಪ ಕೆಳಗೆ. ಈ ಎತ್ತರದಲ್ಲಿ ಗಾಳಿ ಸಮುದ್ರ ತೀರಕ್ಕಿಂತ ಶೇಕಡ 7ರಷ್ಟು ತೆಳು. ಬೇಸಿಗೆಯ ಮಧ್ಯಾಹ್ನ ಇನ್ನೂ ತೆಳು. ಫ್ಯಾನಿನ ತಳ್ಳುವ ಬಲ ಅಷ್ಟು ಕಡಿಮೆ, ಇಳಿಯುವ ವೇಗವೂ ಸ್ವಲ್ಪ ಜಾಸ್ತಿ. ಕರಾವಳಿಯ ಗೆಳೆಯರು ಹೊತ್ತ ತೂಕವನ್ನು ನಾವಿಲ್ಲಿ ಹೊರಲಾಗದು.

ಹಾಗಾದರೆ ಬಲ ಎಲ್ಲಿ ಕೊಡಬೇಕು? ಭಾರ ಹರಿಯುವ ದಾರಿಯಲ್ಲಿ ಮಾತ್ರ. ನೀವು ಮಂಡ್ಯದವರು, ವಿ.ಸಿ. ನಾಲೆ ನೋಡಿಯೇ ಬೆಳೆದಿರುತ್ತೀರಿ. ಕಟ್ಟೆಯ ಹತ್ತಿರ ನಾಲೆ ಅಗಲ. ಮುಂದೆ ಹೋದ ಹಾಗೆ ಉಪನಾಲೆಗಳಿಗೆ ನೀರು ಹಂಚುತ್ತಾ ಕಿರಿದಾಗುತ್ತದೆ. ಕೊನೆಯ ಗದ್ದೆಗೆ ಬರುವಾಗ ಮೊಣಕಾಲಿನಷ್ಟು ಕಾಲುವೆ. ವಿಮಾನದಲ್ಲೂ ಹೀಗೆಯೇ. ರೆಕ್ಕೆಯ ತುದಿಯಲ್ಲಿ ಭಾರ ಕಡಿಮೆ, ಬುಡಕ್ಕೆ ಬಂದ ಹಾಗೆ ಕೂಡುತ್ತಾ ಹೋಗುತ್ತದೆ, ಅಲ್ಲಿಂದ ಮೈಗೆ ದಾಟಬೇಕು. ದಪ್ಪ ನಾಲೆಯನ್ನು ಯಾರಾದರೂ ಒಂದು ಗದ್ದೆಯ ಬದುವಿಗೆ ತಂದು ಧಿಡೀರ್ ಅಂತ ನಿಲ್ಲಿಸಿದರೆ ಏನಾಗುತ್ತದೆ? ಏರಿ ಅಲ್ಲೇ ಒಡೆಯುತ್ತದೆ.

ನನ್ನ ಮೊದಲ ಫ್ಯಾನ್ ಜೆಟ್ ಸರಿಯಾಗಿ ಹಾಗೆಯೇ ಮುರಿಯಿತು. ರೆಕ್ಕೆ ಕೂರುವ ಜಾಗದಲ್ಲಿ ಮೈಯ ಒಳಗೆ ಎರಡೂ ಕಡೆ 2 ಮಿಮೀ ಪ್ಲೈ ಅಂಟಿಸಿದ್ದೆ. ಎರಡೂ ತುಂಡು ಒಂದೇ ಫಾರ್ಮರ್ (ಮೈಗೆ ಆಕಾರ ಕೊಡುವ ಅಡ್ಡ ಚೌಕಟ್ಟು) ಹತ್ತಿರ ನೇರ ಗೆರೆಯಲ್ಲಿ ಮುಗಿದಿದ್ದವು. ಮೂರನೇ ಹಾರಾಟದಲ್ಲಿ ಸ್ವಲ್ಪ ಜೋರಾಗಿ ಇಳಿಯಿತು. ಸ್ಕೇಲ್ ಇಟ್ಟು ಕತ್ತರಿಸಿದ ಹಾಗೆ ಆ ಗೆರೆಯಲ್ಲೇ ಬಾಲ ಬೇರೆಯಾಯಿತು. ಪ್ಲೈ ಹಾಕಿದ ಜಾಗ ಗಟ್ಟಿಯಾಗೇ ಇತ್ತು. ಅಂದಿನಿಂದ ಯಾವ ಒತ್ತು ಪಟ್ಟಿಯನ್ನೂ ನೇರ ಗೆರೆಯಲ್ಲಿ ಮುಗಿಸುವುದಿಲ್ಲ. ತುದಿಯನ್ನು ಮೀನಿನ ಬಾಲದ ಹಾಗೆ ವಿ ಆಕಾರಕ್ಕೆ ಕತ್ತರಿಸುತ್ತೇನೆ. ಎಡದ್ದು ಒಂದು ಕಡೆ ಮುಗಿದರೆ ಬಲದ್ದು ಮೂರು ಬೆರಳು ಮುಂದೆ. ಫೈಬರ್ ಬಟ್ಟೆಯ ಪದರಗಳನ್ನೂ ಒಂದರ ಅಂಚಿನಿಂದ ಇನ್ನೊಂದು 15–20 ಮಿಮೀ ಒಳಗೆ ಬರುವ ಹಾಗೆ ಇಡುತ್ತೇನೆ.

ಈಗ ನಿಮ್ಮ ರೆಕ್ಕೆಗೆ ಬರೋಣ. ಮೇಲ್ಭಾಗದ ಸುಕ್ಕು ನನಗೆ ಪ್ಲೇಟಿಗಿಂತ ಜಾಸ್ತಿ ಚಿಂತೆ ತಂದಿದೆ. ಪ್ಲೇಟು ನೆಲದ ಮೇಲೆ ಕಿತ್ತುಬಂತು, ರೆಕ್ಕೆ ಗಾಳಿಯಲ್ಲಿ ಸುಕ್ಕಾಗಿದೆ. ಇನ್ನೊಂದು ಜೋರು ತಿರುವಿಗೆ ಅದು ಮಡಚಿಕೊಳ್ಳುತ್ತಿತ್ತು.

ಏಕೆ ಸುಕ್ಕಾಯಿತು? ನಿಜವಾದ ಕಿರಣ್‌ನ ರೆಕ್ಕೆ ತುದಿಯಿಂದ ತುದಿಗೆ 10.7 ಮೀಟರ್. ನಿಮ್ಮದು 1.34 ಮೀಟರ್. ಗಂಟೆಗೆ 108 ಕಿಮೀ ವೇಗದಲ್ಲಿ 20 ಮೀಟರ್ ತ್ರಿಜ್ಯದ ಒಂದು ಲೂಪ್ (ಮೇಲಕ್ಕೆ ಹೋಗಿ ಮಗುಚಿ ಕೆಳಕ್ಕೆ ಬರುವ ಪೂರ್ತಿ ಸುತ್ತು) ಹಾಕಿದಿರಿ ಅಂದುಕೊಳ್ಳಿ. ಲೂಪಿನ ಕೆಳಗಿನ ಭಾಗದಲ್ಲಿ ವಿಮಾನದ ತೂಕ ಐದೂವರೆ ಪಟ್ಟು ದಾಟುತ್ತದೆ. ಆರು ಪಟ್ಟು ಅಂತ ಇಟ್ಟುಕೊಳ್ಳಿ. 2.8 ಕೆಜಿಯ ವಿಮಾನ ಆ ಕ್ಷಣಕ್ಕೆ 17 ಕೆಜಿ ತೂಗುತ್ತದೆ. ಒಂದೊಂದು ರೆಕ್ಕೆ ಎಂಟೂವರೆ ಕೆಜಿ ಎತ್ತಬೇಕು. ಆ ಎತ್ತುವ ಬಲ ಬುಡದಿಂದ ಸುಮಾರು 28 ಸೆಂಮೀ ದೂರದಲ್ಲಿ ಕೆಲಸ ಮಾಡುತ್ತದೆ. ರೆಕ್ಕೆ ಮೇಲಕ್ಕೆ ಬಾಗುತ್ತದೆ. ಮೇಲ್ಮೈ ಒತ್ತಿಕೊಳ್ಳುತ್ತದೆ, ಕೆಳಮೈ ಹಿಗ್ಗುತ್ತದೆ.

ಬುಡದಲ್ಲಿ ನಿಮ್ಮ ರೆಕ್ಕೆ ಸುಮಾರು 40 ಮಿಮೀ ದಪ್ಪ ಇರಬೇಕು. ಮೇಲೊಂದು, ಕೆಳಗೊಂದು ಪಟ್ಟಿ ಇದ್ದು ನಡುವೆ 35 ಮಿಮೀ ಅಂತರ ಇದ್ದರೆ, ಮೇಲಿನ ಪಟ್ಟಿಯ ಮೇಲೆ ಬೀಳುವ ಒತ್ತಡ ಹತ್ತಿರ ಹತ್ತಿರ 70 ಕೆಜಿ. ಒಬ್ಬ ದೊಡ್ಡ ಮನುಷ್ಯ ನಿಂತ ಹಾಗೆ. ಅದೇ ಕೆಲಸವನ್ನು ನಡುವಿನಲ್ಲಿರುವ 8 ಮಿಮೀ ಕೊಳವೆಗೆ ಒಪ್ಪಿಸಿದರೆ ಅದರ ಮೇಲ್ಮೈ ಕೆಳಮೈ ನಡುವಿನ ಅಂತರ 7 ಮಿಮೀ ಅಷ್ಟೇ. ಒತ್ತಡ ಐದು ಪಟ್ಟು. ಕೊಳವೆ ಮುರಿಯಲಿಲ್ಲ, ಆದರೆ ಬಾಗಿತು. ಬಾಗಿದಾಗ ಅದರ ಪಾಲಿನ ಭಾರವನ್ನು ಮೇಲಿನ ಬಾಲ್ಸಾ ಹಾಳೆ ಹೊತ್ತುಕೊಂಡಿತು. ಬಾಲ್ಸಾ ಎಳೆತ ತಡೆಯುತ್ತದೆ, ಒತ್ತಡಕ್ಕೆ ಸುಕ್ಕಾಗುತ್ತದೆ. ನಿಮಗೆ ಕಾಣುತ್ತಿರುವುದು ಅದೇ. ಕಾರ್ಬನ್ ಅಂತ ಹೆಸರಿದ್ದ ಮಾತ್ರಕ್ಕೆ ಸಾಲದು, ಅದು ರೆಕ್ಕೆಯ ದಪ್ಪವನ್ನು ಬಳಸಿಕೊಳ್ಳುವ ಜಾಗದಲ್ಲಿ ಕೂರಬೇಕು.

ರೆಕ್ಕೆಯನ್ನು ಬಿಸಾಡಬೇಕಿಲ್ಲ. ಹೀಗೆ ಮಾಡಿ. ಕೊಳವೆ ಇರುವ ಗೆರೆಗೆ ಸ್ವಲ್ಪ ಮುಂದೆ, ಮೇಲೂ ಕೆಳಗೂ ಬಾಲ್ಸಾದಲ್ಲಿ 6 ಮಿಮೀ ಅಗಲದ ಸೀಳು ತೆಗೆಯಿರಿ. ಬುಡದಿಂದ ರೆಕ್ಕೆಯ ಅರ್ಧ ದಾಟುವವರೆಗೆ. ಎರಡೂ ಸೀಳಿಗೆ 6×1 ಮಿಮೀ ಕಾರ್ಬನ್ ಪಟ್ಟಿ ಕೂರಿಸಿ. ಎಡ ರೆಕ್ಕೆಯಿಂದ ಬಲ ರೆಕ್ಕೆಗೆ ನಡುವೆ ತುಂಡಾಗದೆ ಒಂದೇ ಪಟ್ಟಿ ಹೋದರೆ ಬಹಳ ಒಳ್ಳೆಯದು. ರೆಕ್ಕೆಗಳು ತುದಿಯ ಕಡೆ ಮೇಲಕ್ಕೆ ಓರೆಯಾಗಿರುವುದರಿಂದ ಅದು ಸಾಧ್ಯವಿಲ್ಲದಿದ್ದರೆ ಬುಡದಲ್ಲಿ ಪ್ಲೈನ ಜೋಡು ಪಟ್ಟಿ ಕೊಡಿ.

ಆದರೆ ಪಟ್ಟಿಗಳಷ್ಟೇ ಸಾಲದು. ಮೇಲಿನದನ್ನೂ ಕೆಳಗಿನದನ್ನೂ ಹಿಡಿದು ನಿಲ್ಲಿಸುವ ಗೋಡೆ ಬೇಕು. ಗೋಡೆ ಇಲ್ಲದಿದ್ದರೆ ಒಂದರ ಮೇಲೊಂದು ಇಟ್ಟ ಎರಡು ಹಲಗೆ ಬಾಗಿದ ಹಾಗೆ ಅವು ಬೇರೆ ಬೇರೆ ಜಾರುತ್ತವೆ. ಬುಡದ ಮೂರನೇ ಒಂದು ಭಾಗದಲ್ಲಿ ಫೋಮನ್ನು ಆರಪಾರ ಸೀಳಿ 3 ಮಿಮೀ ಬಾಲ್ಸಾ ಗೋಡೆ ಕೂರಿಸಿ. ನಾರು ನಿಂತಿರಬೇಕು, ಮಲಗಿರಬಾರದು. ಇದನ್ನು ಬಹಳ ಜನ ತಪ್ಪು ಮಾಡುತ್ತಾರೆ. ಉದ್ದಕ್ಕೆ ಕತ್ತರಿಸುವುದು ಸುಲಭ ಅಂತ ನಾರನ್ನು ಮಲಗಿಸಿಬಿಡುತ್ತಾರೆ. ಅಂಥ ಗೋಡೆ ಸೀಳಿಹೋಗುತ್ತದೆ. ಗೋಡೆಯಿಂದ ಆಚೆಗೆ ಭಾರ ಕಡಿಮೆ, ಅಲ್ಲಿ ಫೋಮೇ ಆ ಕೆಲಸ ಮಾಡುತ್ತದೆ. ಸುಕ್ಕಾದ ಬಾಲ್ಸಾವನ್ನು ಪೂರ್ತಿ ಕತ್ತರಿಸಿ ತೆಗೆಯಿರಿ. ಮೇಲೆ ಪುಟ್ಟಿ ಹಚ್ಚಿ ಮುಚ್ಚಬೇಡಿ. ಹೊಸ ತುಂಡನ್ನು ಓರೆ ಅಂಚಿನಲ್ಲಿ ಜೋಡಿಸಿ. ಒಂದು ಮಾತು: ಕಾರ್ಬನ್ ಕತ್ತರಿಸುವಾಗ ಮಾಸ್ಕ್ ಹಾಕಿ, ನೀರು ಹನಿಸುತ್ತಾ ಕತ್ತರಿಸಿ. ಆ ಪುಡಿ ಶ್ವಾಸಕೋಶಕ್ಕೆ ಹೋಗಬಾರದು. ಮಕ್ಕಳು ಓಡಾಡುವ ಮನೆಯೊಳಗಂತೂ ಬೇಡವೇ ಬೇಡ.

ಕಿತ್ತುಬಂದ ಪ್ಲೇಟನ್ನು ಇನ್ನೂ ಎಸೆದಿಲ್ಲ ತಾನೇ? ತಿರುಗಿಸಿ ಅಂಟಿನ ಮೈ ನೋಡಿ. ಫೋಮಿನ ಚೂರುಗಳು ಅಂಟಿಕೊಂಡು ಬಂದಿವೆಯೇ? ಹಾಗಿದ್ದರೆ ಅಂಟಿನದು ತಪ್ಪಿಲ್ಲ, ಅಂಟು ಹಿಡಿದಿದೆ, ಫೋಮ್ ಹರಿದಿದೆ. ಅಂಟಿನ ಮೈ ನುಣ್ಣಗೆ ಹೊಳೆಯುತ್ತಿದ್ದರೆ ಅಂಟು ಕೂತಿಲ್ಲ. ನನ್ನ ಅಂದಾಜಿನಲ್ಲಿ ಮೊದಲನೆಯದೇ ಆಗಿರುತ್ತದೆ. ಚಕ್ರದ ಕಾಲು ಒಂದು ಸನ್ನೆಗೋಲು. ಕಾಲು 12 ಸೆಂಮೀ, ಪ್ಲೇಟು 5 ಸೆಂಮೀ ಇದ್ದರೆ, ಚಕ್ರ ಒಂದು ಮಣ್ಣಿನ ಹೆಂಟೆಗೆ ಸಿಕ್ಕಿ 5 ಕೆಜಿ ಬಲದಲ್ಲಿ ಹಿಂದಕ್ಕೆ ಎಳೆದರೂ ಪ್ಲೇಟಿನ ಅಂಚನ್ನು 12 ಕೆಜಿ ಬಲ ಕೀಳುತ್ತದೆ. ಬರೀ ಫೋಮಿಗೆ ಅಂಟಿಸಿದ ಪ್ಲೇಟು ಅದನ್ನು ತಡೆಯಲಾರದು. ಅಂಟು ಬದಲಿಸಿ ಮತ್ತೆ ಅಲ್ಲೇ ಕೂರಿಸಿದರೆ ಮತ್ತೆ ಅಲ್ಲೇ ಕೀಳುತ್ತದೆ, ಈ ಸಲ ಇನ್ನಷ್ಟು ಫೋಮನ್ನು ಎಳೆದುಕೊಂಡು.

ಪ್ಲೇಟಿನ ಎರಡೂ ಪಕ್ಕಕ್ಕೆ 3 ಮಿಮೀ ಪ್ಲೈನಿಂದ ಎರಡು ಪಕ್ಕೆಲುಬು ಮಾಡಿ. ಅವು ಮುಂದೆ ಈಗ ಕೂರಿಸಿದ ಬಾಲ್ಸಾ ಗೋಡೆಯನ್ನು ಮುಟ್ಟಬೇಕು. ಮೇಲೆ ಕೆಳಗೆ ಎರಡೂ ಬಾಲ್ಸಾ ಹಾಳೆಯನ್ನು ಮುಟ್ಟಬೇಕು. ಪ್ಲೇಟು ಅವುಗಳ ಸೀಳಿನೊಳಗೆ ಕೂರಬೇಕು. ಕಿಟಕಿ ಚೌಕಟ್ಟಿನಲ್ಲಿ ಸರಳು ಕೂರುವ ಹಾಗೆ. ಆಗ ಹೊಡೆತ ಫೋಮಿಗೆ ಹೋಗದೆ ಪ್ಲೇಟಿನಿಂದ ಪಕ್ಕೆಲುಬಿಗೆ, ಪಕ್ಕೆಲುಬಿನಿಂದ ಗೋಡೆಗೆ, ಗೋಡೆಯಿಂದ ಕಾರ್ಬನ್‌ಗೆ ಹರಿಯುತ್ತದೆ. ಎಡ ಮಾತ್ರ ಅಲ್ಲ, ಬಲಗಡೆಯೂ ಮಾಡಿ. ಎಡ ಗಟ್ಟಿಯಾದರೆ ಮುಂದಿನ ಸರದಿ ಬಲದ್ದು.

ಇಲ್ಲಿ ಐದು ನಿಮಿಷದ ಎಪಾಕ್ಸಿ ಬೇಡ. ನಿಧಾನವಾಗಿ ಗಟ್ಟಿಯಾಗುವುದನ್ನೇ ಬಳಸಿ, ಒಂದು ದಿನ ಮುಟ್ಟದೆ ಬಿಡಿ. ಅಂಟನ್ನು ಗಟ್ಟಿ ಮಾಡಲು ಹತ್ತಿಯ ನಾರಿನ ಪುಡಿ ಇಲ್ಲವೇ ಕತ್ತರಿಸಿದ ಗಾಜಿನ ನಾರು ಬೆರೆಸಿ. ಮೈಕ್ರೋಬಲೂನ್ (ಟೊಳ್ಳಾದ ಸಣ್ಣ ಮಣಿಗಳ ಪುಡಿ) ಬೆರೆಸಬೇಡಿ. ಅದು ಹಗುರ, ಉಜ್ಜಲು ಸುಲಭ, ಹಾಗಾಗಿ ಗುಂಡಿ ತುಂಬಲು ಚೆನ್ನ. ಭಾರ ಹೊರುವ ಬೆಸುಗೆಯಲ್ಲಿ ಹಾಕಿದರೆ ಅಂಟನ್ನೇ ದುರ್ಬಲ ಮಾಡುತ್ತದೆ. ಸ್ಕ್ರೂ ತೂತುಗಳಿಗೆ ತೆಳು ಫೆವಿಕ್ವಿಕ್ ಒಂದೊಂದು ಹನಿ ಬಿಟ್ಟು ಒಣಗಿಸಿದರೆ ಮರದ ಹಲ್ಲು ಗಟ್ಟಿಯಾಗುತ್ತದೆ. ಫೋಮಿಗೆ ತಾಗದ ಹಾಗೆ ನೋಡಿಕೊಳ್ಳಿ, ಅದೂ ಥರ್ಮಾಕೋಲ್ ತಿನ್ನುತ್ತದೆ. ಕಾಲನ್ನು ಹಿಡಿಯುವ ನಾಲ್ಕು ಸ್ಕ್ರೂಗಳಲ್ಲಿ ಮುಂದಿನ ಎರಡನ್ನು ನೈಲಾನ್‌ನದು ಹಾಕಿ. ಹೊಡೆತ ಮಿತಿ ಮೀರಿದರೆ ಸ್ಕ್ರೂ ತುಂಡಾಗಲಿ, ರೆಕ್ಕೆ ಉಳಿಯಲಿ.

ಮೈ ಕಡೆ ಒಂದೇ ಜಾಗ ನೋಡಿ: ಬ್ಯಾಟರಿ ಹಾಕುವ ಮುಚ್ಚಳದ ಬಾಯಿ. ಬೆಂಕಿಪೊಟ್ಟಣದ ಒಳಗಿನ ತಟ್ಟೆಯನ್ನು ಕೈಯಲ್ಲಿ ತಿರುಚಿ ನೋಡಿ, ಸುಲಭವಾಗಿ ತಿರುಚುತ್ತದೆ. ಹೊರಕವಚಕ್ಕೆ ತೂರಿಸಿ ತಿರುಚಿ, ಆಗುವುದಿಲ್ಲ. ಬಾಯಿ ತೆರೆದ ಮೈಯೂ ಆ ತಟ್ಟೆಯ ಹಾಗೆಯೇ. ಕಿರಣ್‌ನಲ್ಲಿ ಇಬ್ಬರು ಪೈಲಟ್‌ಗಳು ಅಕ್ಕಪಕ್ಕ ಕೂರುತ್ತಾರೆ, ಮೂಗು ಅಗಲ. ಬ್ಯಾಟರಿಗೆ ಜಾಗ ಚೆನ್ನಾಗಿದೆ. ಆದರೆ ಮುಚ್ಚಳದ ಬಾಯಿಯೂ ಅಷ್ಟೇ ಅಗಲ ಆಗುತ್ತದೆ. ಆ ಬಾಯಿಯ ಎರಡೂ ಅಂಚಿಗೆ ಒಳಗಿನಿಂದ ಗಟ್ಟಿಮರದ ಪಟ್ಟಿ ಓಡಿಸಿ, ಬಾಯಿಯ ಮುಂದೆ ಹಿಂದೆ ನಾಲ್ಕು ಬೆರಳಿನಷ್ಟು ಮುಂದುವರಿಸಿ. ಬಾಯಿಯ ನಾಲ್ಕು ಮೂಲೆಯನ್ನೂ ಗುಂಡಗೆ ಮಾಡಿ, ಚೂಪು ಮೂಲೆಯಲ್ಲೇ ಬಿರುಕು ಶುರುವಾಗುವುದು. ಒಳಗೆ ಎರಡೂ ಪಕ್ಕಕ್ಕೆ 49 ಜಿಎಸ್‌ಎಂ ಫೈಬರ್ ಬಟ್ಟೆ ಒಂದು ಪದರ ಹಾಕಿ. ನೂಲು 45 ಡಿಗ್ರಿ ಓರೆ ಇರಬೇಕು. ತಿರುಚುವಿಕೆಯನ್ನು ತಡೆಯುವುದು ಓರೆ ನೂಲು. ರಿಸೀವರ್ ಹತ್ತಿರ ಕಾರ್ಬನ್ ಬಟ್ಟೆ ಬೇಡ. ಅದು 2.4 ಗಿಗಾಹರ್ಟ್ಸ್ ಸಿಗ್ನಲ್ ತಡೆಯುತ್ತದೆ. ಗಾಜಿನ ಫೈಬರ್‌ಗೆ ಆ ತೊಂದರೆ ಇಲ್ಲ.

ಗಾಳಿ ಒಳಗೆ ಎಳೆದುಕೊಳ್ಳುವ ನಾಳಗಳನ್ನೂ ಮರೆಯಬೇಡಿ. ಪೂರ್ತಿ ಥ್ರಾಟಲ್ ಕೊಟ್ಟಾಗ ಫ್ಯಾನ್ ಹೀರುವ ರಭಸಕ್ಕೆ ತೆಳು ನಾಳದ ಗೋಡೆ ಒಳಕ್ಕೆ ಕುಸಿಯಬಹುದು. ಹೊರಗಿನಿಂದ 25 ಜಿಎಸ್‌ಎಂ ಒಂದು ಪದರ ಸಾಕು. ಒಳಗೆ ಸಡಿಲವಾದ ಬಣ್ಣದ ಚಕ್ಕೆ, ಟೇಪು, ಅಂಟಿನ ಹರಳು ಏನೂ ಇರಬಾರದು. ಎಲ್ಲ ಫ್ಯಾನಿಗೇ ಹೋಗುತ್ತದೆ.

ಇಷ್ಟಾದ ಮೇಲೆ ಹೊರಮೈಗೆ ಬಟ್ಟೆ. ಇಲ್ಲಿ ಬಟ್ಟೆಯ ಕೆಲಸ ಬಾಲ್ಸಾ ಮೇಲೆ ಉಗುರು ಗೀಚದ ಹಾಗೆ ಗಟ್ಟಿ ಚರ್ಮ ಕೊಡುವುದು, ಬಣ್ಣಕ್ಕೆ ನುಣುಪಾದ ತಳ ಕೊಡುವುದು. ಅದಕ್ಕೆ 25 ಜಿಎಸ್‌ಎಂ ಸಾಕು. ರೆಕ್ಕೆಯ ಬುಡ, ಹೊಟ್ಟೆ, ಮೂಗಿನ ಕೆಳಭಾಗಕ್ಕೆ ಮಾತ್ರ ಮೇಲೊಂದು 49 ಜಿಎಸ್‌ಎಂ ತುಂಡು. ಹೀಗೆ ಮಾಡಿದರೆ ಒಟ್ಟು ನೂರು ಗ್ರಾಂ ಆಸುಪಾಸು ಬರುತ್ತದೆ. ಟಿಂಕರಿಂಗ್ ಶಾಪಿನ ಲೆಕ್ಕದ 1.2 ಕೆಜಿಗೆ ಹೋಲಿಸಿ ನೋಡಿ.

ಎಲ್‌ವೈ 556 ರೆಸಿನ್, ಎಚ್‌ವೈ 951 ಹಾರ್ಡ್‌ನರ್ ಜೋಡಿ ನಮ್ಮ ಕಡೆ ಫೈಬರ್ ಸಾಮಾನು ಮಾರುವವರ ಹತ್ತಿರ ಸಿಗುತ್ತದೆ. 10 ಭಾಗ ರೆಸಿನ್‌ಗೆ 1 ಭಾಗ ಹಾರ್ಡ್‌ನರ್, ತೂಕದಲ್ಲಿ. ಕಣ್ಣಂದಾಜು ಬೇಡ, ಚಿನ್ನ ತೂಗುವಂಥ ಪುಟ್ಟ ತಕ್ಕಡಿ ತಗೊಳ್ಳಿ. ಬೇಗ ಒಣಗಲಿ ಅಂತ ಹಾರ್ಡ್‌ನರ್ ಜಾಸ್ತಿ ಹಾಕಿದರೆ ಒಣಗುವುದಿಲ್ಲ, ರಬ್ಬರಿನ ಹಾಗೆ ಮೆತ್ತಗೆ ಉಳಿಯುತ್ತದೆ. ಒಂದು ಸಲಕ್ಕೆ 30 ಗ್ರಾಂ ಮಾತ್ರ ಕಲಸಿ. ಲೋಟದಲ್ಲೇ ಬಿಟ್ಟರೆ ಬಿಸಿಯಾಗಿ ಹೊಗೆ ಬರುತ್ತದೆ, ಅಗಲ ತಟ್ಟೆಗೆ ಸುರಿದುಕೊಳ್ಳಿ. ಬಿಸಿ 10 ಡಿಗ್ರಿ ಏರಿದರೆ ನಿಮಗೆ ಸಿಗುವ ಸಮಯ ಅರ್ಧವಾಗುತ್ತದೆ. ಏಪ್ರಿಲ್‌ನಲ್ಲಿ ಬೆಳಗ್ಗೆ ಏಳಕ್ಕೇ ಕೂತುಕೊಳ್ಳಿ.

ಒಣ ಬಟ್ಟೆ ಹಾಸಿ, ನಡುವಿನಿಂದ ಅಂಚಿಗೆ ರೆಸಿನ್ ಎಳೆಯಿರಿ. ಹಳೆಯ ಎಟಿಎಂ ಕಾರ್ಡ್ ಇದಕ್ಕೆ ಬಹಳ ಒಳ್ಳೆಯ ಸಾಧನ. ಆಮೇಲೆ ಟಿಶ್ಯೂ ರೋಲನ್ನು ಮೆತ್ತಗೆ ಉರುಳಿಸಿ ಹೆಚ್ಚಿನ ರೆಸಿನ್ ಹೀರಿಸಿ. ಬಟ್ಟೆಯ ನೇಯ್ಗೆ ಕಾಣಬೇಕು. ಗಾಜಿನ ಹಾಗೆ ಹೊಳೆಯುತ್ತಿದ್ದರೆ ರೆಸಿನ್ ಜಾಸ್ತಿ ಆಗಿದೆ ಅಂತ ಅರ್ಥ. ಈ ಹಂತದಲ್ಲಿ ಹೊಳಪು ಕಂಡು ಖುಷಿಪಡುವುದೇ ತೂಕ ಏರಲು ದೊಡ್ಡ ಕಾರಣ.

ಬಾಲದ ಕಡೆ ಎಪಾಕ್ಸಿ ಬೇಡ, ನೀರಿನ ಪಿಯು (ಪಾಲಿಯುರೆಥೇನ್) ವುಡ್ ಫಿನಿಶ್‌ನಲ್ಲೇ 25 ಜಿಎಸ್‌ಎಂ ಬಟ್ಟೆ ಅಂಟಿಸಿ. ಗಟ್ಟಿತನ ಸ್ವಲ್ಪ ಕಡಿಮೆ, ಆದರೆ ಬಹಳ ಹಗುರ. ತೆಳು ಬಾಲ್ಸಾ ಒಂದೇ ಕಡೆ ಒದ್ದೆಯಾದರೆ ಬಾಗುತ್ತದೆ, ಆದ್ದರಿಂದ ಎರಡೂ ಮೈಗೆ ಒಂದಾದ ಮೇಲೊಂದು ಹಚ್ಚಿ, ಚಪ್ಪಟೆ ಮೇಜಿನ ಮೇಲೆ ಭಾರ ಇಟ್ಟು ಒಣಗಿಸಿ. ಬಾಲದ ತೂಕಕ್ಕೆ ನಾನು ಇಷ್ಟು ಜೀವ ಬಿಡುವುದು ಏಕೆಂದರೆ, ತೂಕದ ಕೇಂದ್ರದಿಂದ ಬಾಲ ಮೂಗಿಗಿಂತ ದೂರ. ಅಲ್ಲಿ 10 ಗ್ರಾಂ ಕೂಡಿದರೆ ಮೂಗಿಗೆ 20 ಗ್ರಾಂ ಸೀಸ ಹಾಕಿ ಸರಿದೂಗಿಸಬೇಕಾಗಬಹುದು. ಎಲಿವೇಟರ್ (ಬಾಲದ ಅಡ್ಡ ರೆಕ್ಕೆಗೆ ಹಿಂದೆ ಇರುವ, ಮೇಲೆ ಕೆಳಗೆ ಆಡುವ ಹಲಗೆ) ಹಿಂಭಾಗ ಭಾರವಾದರೆ ಇನ್ನೊಂದು ಅಪಾಯವೂ ಇದೆ. ವೇಗದಲ್ಲಿ ಅದು ಪಟಪಟ ಬಡಿದುಕೊಳ್ಳಲು ಶುರು ಮಾಡುತ್ತದೆ, ಕ್ಷಣದಲ್ಲಿ ಬಾಲವೇ ಹರಿದುಹೋಗುತ್ತದೆ. ಜೆಟ್ ಕಟ್ಟುವವರೆಲ್ಲ ಹೆದರುವ ಫ್ಲಟರ್ ಇದೇ. ಎಲಿವೇಟರನ್ನು ಬೆರಳಲ್ಲಿ ಅಲುಗಾಡಿಸಿ ನೋಡಿ. ಹಿಂದಿನ ಅಂಚು ಒಂದು ಮಿಮೀಗಿಂತ ಜಾಸ್ತಿ ಸಡಿಲ ಆಡಿದರೆ ಅದನ್ನು ಆಡಿಸುವ ಕಡ್ಡಿ, ಕಡ್ಡಿಯನ್ನು ಎಲಿವೇಟರಿಗೆ ಹಿಡಿಸುವ ಹಾರ್ನ್, ಸರ್ವೋ ಮೋಟಾರಿನ ತೂತು ಎಲ್ಲವನ್ನೂ ಬಿಗಿ ಮಾಡದೆ ಹಾರಿಸಬೇಡಿ.

ಮಳೆಗಾಲದಲ್ಲಿ ಎಪಾಕ್ಸಿ ಕೆಲಸ ಮಾಡಿದರೆ ಒಣಗಿದ ಮೈಮೇಲೆ ಮೇಣದಂಥ ಜಿಡ್ಡು ಕೂರುತ್ತದೆ. ಹಾರ್ಡ್‌ನರ್ ಗಾಳಿಯ ತೇವದ ಜೊತೆ ಸೇರಿ ಹಾಗಾಗುವುದು. ಅದರ ಮೇಲೆ ಬಣ್ಣ ನಿಲ್ಲುವುದಿಲ್ಲ, ಎರಡು ತಿಂಗಳಿಗೆ ಹಾಳೆ ಹಾಳೆಯಾಗಿ ಏಳುತ್ತದೆ. ಉಜ್ಜುವ ಮೊದಲೇ ಸೋಪು ನೀರಿನಲ್ಲಿ ತೊಳೆದು ಒರೆಸಿ. ಮೊದಲು ಉಜ್ಜಿದರೆ ಜಿಡ್ಡನ್ನು ಒಳಕ್ಕೆ ತಿಕ್ಕಿದ ಹಾಗೆ.

ಉಜ್ಜುವುದನ್ನು ನಾನು ಕಲಿತದ್ದು ಮೈಸೂರಿನ ಒಬ್ಬ ಬೀಟೆ ಮರದ ಇನ್‌ಲೇ ಕೆಲಸಗಾರರ ಹತ್ತಿರ. ಬೇರೆ ಬೇರೆ ಮರದ ಚೂರು ಕೂರಿಸಿದ ಹಲಗೆಯನ್ನು ಅವರು ಬರಿಗೈಯಲ್ಲಿ ಉಜ್ಜುತ್ತಲೇ ಇರಲಿಲ್ಲ. ಯಾವಾಗಲೂ ಮರದ ದಿಮ್ಮಿಗೆ ಉಪ್ಪುಕಾಗದ ಸುತ್ತಿಕೊಳ್ಳುತ್ತಿದ್ದರು. ಬೆರಳು ಮೆತ್ತನೆಯ ಜಾಗವನ್ನು ಹುಡುಕಿಕೊಂಡು ಹೋಗುತ್ತದೆ, ದಿಮ್ಮಿ ಹೋಗುವುದಿಲ್ಲ ಅಂತ ಹೇಳಿದರು. ನಿಮ್ಮ ರೆಕ್ಕೆಯಲ್ಲೂ ಕಾರ್ಬನ್ ಗಟ್ಟಿ, ಬಾಲ್ಸಾ ಮೆದು, ಪುಟ್ಟಿ ಇನ್ನೂ ಮೆದು. ಬರಿಗೈಯಲ್ಲಿ ಉಜ್ಜಿದರೆ ಅಲೆ ಅಲೆ ಬರುತ್ತದೆ. ಆ ಅಲೆ ಹೊಳೆಯುವ ಕೆಂಪು ಬಣ್ಣ ಬಿದ್ದ ಮೇಲೇ ಕಾಣುವುದು. ಒಂದಡಿ ಉದ್ದದ ದಿಮ್ಮಿ ಮಾಡಿಕೊಳ್ಳಿ. ನೇಯ್ಗೆಯ ಗುಂಡಿಗಳಿಗೆ ಮೈಕ್ರೋಬಲೂನ್ ಬೆರೆಸಿದ ತೆಳು ಎಪಾಕ್ಸಿ ಒಂದು ಸಲ ಎಳೆದು, ಒಣಗಿದ ಮೇಲೆ 240, ಆಮೇಲೆ 320 ನಂಬರಿನ ಉಪ್ಪುಕಾಗದದಲ್ಲಿ ಉಜ್ಜಿ. ಗಾಜಿನ ನೂಲು ತುಂಡಾಗುವಷ್ಟು ಉಜ್ಜಬೇಡಿ. ಗೋಡೆಗೆ ಹಾಕುವ ಸಿಮೆಂಟ್ ಪುಟ್ಟಿಯನ್ನು ವಿಮಾನದ ಹತ್ತಿರವೂ ತರಬೇಡಿ, ಅಷ್ಟು ಭಾರ.

ಪ್ರೈಮರ್ ಒಂದು ಕೋಟ್ ಹೊಡೆದು, 400ರ ವಾಟರ್ ಪೇಪರ್‌ನಲ್ಲಿ ಅದರ ಬಹುಪಾಲನ್ನು ಉಜ್ಜಿ ತೆಗೆದುಬಿಡಿ. ಕೆಳಗಿನ ಬಟ್ಟೆ ಮಸುಕಾಗಿ ಕಾಣಬೇಕು. ಗುಂಡಿಯಲ್ಲಿ ಉಳಿದದ್ದಷ್ಟೇ ಬೇಕಾದ ಪ್ರೈಮರ್.

ಬಣ್ಣದ ಆಯ್ಕೆ ನನಗೆ ಬಹಳ ಇಷ್ಟವಾಯಿತು. ಸೂರ್ಯಕಿರಣ ತಂಡ 1996ರಲ್ಲಿ ನಮ್ಮ ಬೀದರ್‌ನಲ್ಲಿ ಶುರುವಾದಾಗ ಹಾರಿಸಿದ್ದೇ ಕಿರಣ್ ಮಾರ್ಕ್ 2. 2011ರವರೆಗೆ ಅದೇ ವಿಮಾನ, ಈಗ ಹಾಕ್. ಹಾಗಾಗಿ ನಿಮ್ಮ ಮಾದರಿಗೆ ಈ ಬಣ್ಣ ಸರಿಯಾಗಿ ಒಪ್ಪುತ್ತದೆ. ಕೆಂಪು ಬಣ್ಣ ತಳವನ್ನು ಚೆನ್ನಾಗಿ ಮುಚ್ಚುವುದಿಲ್ಲ, ಬೂದು ಪ್ರೈಮರ್ ಮೇಲೆ ನೇರವಾಗಿ ಹೊಡೆದರೆ ಮಂಕಾಗುತ್ತದೆ. ಮೊದಲು ಪೂರ್ತಿ ತೆಳು ಬಿಳಿ, ಅದು ಗಟ್ಟಿಯಾದ ಮೇಲೆ ಟೇಪ್ ಹಚ್ಚಿ ಕೆಂಪು. ಬಿಳಿ ಉಳಿಯುವ ಜಾಗಕ್ಕೆ ಕೆಂಪು ಬೀಳಬಾರದು. ಟೇಪಿನ ಅಂಚಿಗೆ ಮೊದಲು ಒಂದು ತೆಳು ಬಿಳಿ ಕೋಟ್ ಹೊಡೆದರೆ ಸಂದು ಮುಚ್ಚಿಕೊಂಡು ಕೆಂಪು ಒಳಗೆ ಜಾರುವುದಿಲ್ಲ. ರೆಕ್ಕೆಯ ಕೆಳಗೆ ಮಾತ್ರ ಮೇಲಿಗಿಂತ ಬೇರೆ ಪಟ್ಟೆ ಹಾಕಿ. ಸಂಜೆ ಬೆಳಕಿನಲ್ಲಿ 150 ಮೀಟರ್ ಆಚೆ ವಿಮಾನ ಮಗುಚಿದೆಯೋ ನೆಟ್ಟಗಿದೆಯೋ ಅದರಿಂದಲೇ ಗೊತ್ತಾಗುವುದು.

ಆ ಗಾಜಿನಂಥ ಹೊಳಪಿಗೆ ಟೂಕೆ ಕ್ಲಿಯರ್ (ಹಾರ್ಡ್‌ನರ್ ಬೆರೆಸಿ ಹೊಡೆಯುವ ಬಣ್ಣವಿಲ್ಲದ ವಾರ್ನಿಶ್) ಬೇಕು. ಅದನ್ನು ಮನೆಯಲ್ಲಿ ಹೊಡೆಯಬೇಡಿ. ಅದರ ಹಾರ್ಡ್‌ನರ್‌ನಲ್ಲಿ ಐಸೊಸೈನೇಟ್ ಇದೆ, ಸಾಮಾನ್ಯ ಮಾಸ್ಕ್ ಅದನ್ನು ತಡೆಯುವುದಿಲ್ಲ, ಉಸಿರಾಟಕ್ಕೆ ಶಾಶ್ವತ ತೊಂದರೆ ಆಗಬಹುದು. ನಿಮ್ಮ ಟಿಂಕರಿಂಗ್ ಶಾಪಿನವರ ಕೈ ಬೇಕಾದ್ದು ಇಲ್ಲಿ. ಬೂತ್ ಇದ್ದರೆ ಅವರಿಗೇ ಕೊಡಿ, ಒಂದೇ ತೆಳು ಕೋಟ್ ಸಾಕು ಅಂತ ಎದುರಿಗೆ ನಿಂತು ಹೇಳಿ. ಕಾರಿನ ಅಭ್ಯಾಸದಲ್ಲಿ ಮೂರು ಕೋಟ್ ಬೀಳುತ್ತದೆ. ಹೀಟರ್ ಹಾಕಿ ಒಣಗಿಸಬೇಡಿ ಅಂತಲೂ ಹೇಳಿ. ಮನೆಯ ಬಿಸಿಯಲ್ಲಿ ಗಟ್ಟಿಯಾದ ಎಪಾಕ್ಸಿ 50–60 ಡಿಗ್ರಿಗೆ ಮೆತ್ತಗಾಗುತ್ತದೆ, ರೆಕ್ಕೆ ತಿರುಚಿಕೊಳ್ಳುತ್ತದೆ. ಬೇಸಿಗೆಯಲ್ಲಿ ಮುಚ್ಚಿದ ಕಾರಿನೊಳಗೆ ವಿಮಾನ ಬಿಟ್ಟು ಊಟಕ್ಕೆ ಹೋಗುವುದೂ ಇದೇ ಕಾರಣಕ್ಕೆ ಬೇಡ.

ಬಣ್ಣಕ್ಕೆ ಕೊಡುವ ಮೊದಲು ರೆಕ್ಕೆಯನ್ನು ಪರೀಕ್ಷೆ ಮಾಡಿ. ರೆಕ್ಕೆಯನ್ನು ಬೋರಲು ಹಾಕಿ, ಮೈ ಕೂರುವ ನಡುಭಾಗಕ್ಕೆ ಮಾತ್ರ ಆಧಾರ ಕೊಡಿ. ಅರ್ಧರ್ಧ ಕೆಜಿ ಮರಳಿನ ಪ್ಯಾಕೆಟ್ ಮಾಡಿಕೊಳ್ಳಿ. ಬುಡದ ಕಡೆ ಜಾಸ್ತಿ, ತುದಿಯ ಕಡೆ ಕಡಿಮೆ ಬರುವ ಹಾಗೆ ಎರಡೂ ಕಡೆ ಸಮವಾಗಿ ಇಡುತ್ತಾ ಹೋಗಿ. ಒಂದೊಂದು ಕಡೆ 3 ಕೆಜಿ ಆದಾಗ ನಿಲ್ಲಿಸಿ ಟಾರ್ಚ್ ಬೆಳಕನ್ನು ಓರೆಯಾಗಿ ಬಿಟ್ಟು ಬುಡದಲ್ಲಿ ಸುಕ್ಕು ಬರುತ್ತಿದೆಯೇ ನೋಡಿ. ಟಿಕ್ ಟಿಕ್ ಸದ್ದು ಬಂದರೆ ತೆಗೆದುಬಿಡಿ, ಎಲ್ಲೋ ಅಂಟು ಬಿಡುತ್ತಿದೆ. ಎಂಟೂವರೆ ಕೆಜಿ ಹೊತ್ತು, ಪ್ಯಾಕೆಟ್ ತೆಗೆದ ಮೇಲೆ ಮೊದಲಿನ ಜಾಗಕ್ಕೆ ನೆಟ್ಟಗೆ ಮರಳಿದರೆ ರೆಕ್ಕೆ ಸಿದ್ಧ.

ತೂಕವನ್ನು ಮೂರು ಸಲ ಬರೆದಿಡಿ: ರಿಪೇರಿ ಆದ ಮೇಲೆ, ಬಟ್ಟೆ ಆದ ಮೇಲೆ, ಬಣ್ಣ ಆದ ಮೇಲೆ. ಒಟ್ಟು 3.1 ಕೆಜಿ ದಾಟದಿದ್ದರೆ ಕೆಲಸ ಚೆನ್ನಾಗಿ ಆಗಿದೆ. ದಾಟಿದರೆ ಆ ಮೂರು ಅಂಕಿ ನನಗೆ ಬರೆದು ಕಳಿಸಿ, ಎಲ್ಲಿ ಏರಿತು ಅಂತ ಕೂತು ನೋಡೋಣ. ತೂಕದ ಕೇಂದ್ರವನ್ನು ಬಣ್ಣದ ನಂತರ ಹೊಸದಾಗಿ ಅಳೆಯಿರಿ, ಹಳೆಯ ಗುರುತು ಈಗ ಲೆಕ್ಕಕ್ಕಿಲ್ಲ.